ದಿನಕ್ಕೆ ಮೂವತ್ತು ಕರೆ

ಸರ್ವಮಂಗಳಮ್ಮನವರ ಮನೆಯ ಬಾಗಿಲ ಗಂಟೆಗೆ ಒಳಗಿನ ಫೋನನ್ನು ಕಂಡರೆ ಹೊಟ್ಟೆಕಿಚ್ಚು. ಯಾವುದೋ ಕಲ್ಯಾಣ ಮಂಟಪದ ಜಾಹೀರಾತಿನಲ್ಲಿ ಈ ಮನೆಯ ನಂಬರು ತಪ್ಪಾಗಿ ಅಚ್ಚಾಗಿಬಿಟ್ಟಿತ್ತು. ಲಗ್ನದ ಕಾಲ ಬಂತೆಂದರೆ ಫೋನಿಗೆ ದಿನಕ್ಕೆ ಮೂವತ್ತು ಕರೆ.

“ನಿನ್ನನ್ನು ಊರೇ ಕೇಳುತ್ತದೆ. ನನ್ನನ್ನು ಕೇಳುವವನು ಹಾಲಿನವನೊಬ್ಬ,” ಎಂದಿತು ಗಂಟೆ.

“ಊರು ಕೇಳುವುದು ಮಂಟಪವನ್ನು, ನನ್ನನ್ನಲ್ಲ,” ಎಂದಿತು ಫೋನು.

ಗಂಟೆಗೆ ಅದು ಜಂಬದ ಮಾತೆನಿಸಿತು. ಮರುದಿನ ಹಾಲಿನವನು ಒಮ್ಮೆ ಒತ್ತಿದ್ದೇ ತಡ, ತಾನೂ ಮೂವತ್ತು ಸಲ ಬಡಿದುಕೊಂಡಿತು. ಫೋನಿನಿಂದ ಮೊದಲೇ ರೋಸಿಹೋಗಿದ್ದ ಸರ್ವಮಂಗಳಮ್ಮ ಗಂಟೆಯ ತಂತಿಯನ್ನೇ ಕಿತ್ತುಹಾಕಿದರು.

ಅಂದೇ ಸಂಜೆ, ಆರು ವರ್ಷದಿಂದ ಮಾತು ಬಿಟ್ಟಿದ್ದ ಅವರ ತಂಗಿ, ತನ್ನ ಮಗಳ ಮದುವೆಗೆ ಕರೆಯಲು ಕುಂಕುಮ, ಅಕ್ಷತೆ ಹಿಡಿದು ಬಂದಳು. ಇಂಥ ಕರೆ ಫೋನಿನಲ್ಲಿ ಕೊಡುವಂಥದ್ದಲ್ಲ, ಮನೆ ಬಾಗಿಲಿಗೇ ಬರಬೇಕು. ಮೂರು ಸಲ ಗುಂಡಿ ಒತ್ತಿದಳು. ಗಂಟೆಗೆ ದನಿಯೇ ಹೊರಡಲಿಲ್ಲ. ಒಳಗೆ ಅಕ್ಕ ಫೋನಿನಲ್ಲಿ ಕೂಗಿದ್ದು ಮಾತ್ರ ಹೊರಗೆ ಕೇಳಿಸಿತು: “ಎಷ್ಟು ಸಲ ಹೇಳಬೇಕು? ನಿಮ್ಮ ಮದುವೆಗೂ ನಮಗೂ ಏನೂ ಸಂಬಂಧವಿಲ್ಲ!”

ತಂಗಿ ಅಕ್ಷತೆಯನ್ನು ಹೊಸ್ತಿಲ ಮೇಲಿಟ್ಟು ಹೊರಟುಹೋದಳು.

“ಯಾರದು?” ಎಂದು ಫೋನು ಕೇಳಿತು.

“ನಮ್ಮ ಮನೆಯನ್ನೇ ಹುಡುಕಿಕೊಂಡು ಬಂದವಳು,” ಎಂದಿತು ಗಂಟೆ.