ಮೂಲೆಯವನು ಒರೆಸಿದ ಮಾತು

ಶಿಷ್ಯ ಕೇಳಿದ: "ಗುರುಗಳೇ, ನನ್ನಿಂದ ಒಬ್ಬರಿಗೆ ಅನ್ಯಾಯವಾಗಿದೆ. ಆದದ್ದು ಆಗಿಹೋಯಿತು. ಆದರೆ ಕೂತರೂ ಅದೇ ನೆನಪು, ನಿಂತರೂ ಅದೇ ನೆನಪು. ಅದನ್ನು ಮನಸ್ಸಿನಿಂದ ಪೂರ್ತಿ ತೆಗೆದುಹಾಕುವ ದಾರಿ ಯಾವುದು?"

ಯಾರಿಗೆ, ಏನು ಎಂದು ಗುರುಗಳು ಕೇಳಲಿಲ್ಲ. "ಆ ದಾರಿ ಚೆನ್ನಾಗಿ ಗೊತ್ತಿದ್ದವನೊಬ್ಬನಿದ್ದ. ಅವನ ಕತೆ ಕೇಳು. ಕೇಳಿದ ಮೇಲೂ ಬೇಕೆನಿಸಿದರೆ ಹೇಳಿಕೊಡೋಣ" ಎಂದರು.

ಒಬ್ಬ ಕಬಡ್ಡಿ ಆಟಗಾರನಿದ್ದ. ಅಂಕಣದ ಎಡಮೂಲೆ ಅವನದು.

ಕಬಡ್ಡಿಯಲ್ಲಿ ಚಪ್ಪಾಳೆಯೆಲ್ಲ ದಾಳಿಗೆ ಬರುವ ರೈಡರನಿಗೆ. ಅವನು ತೊಡೆ ತಟ್ಟುತ್ತಾನೆ, ಕೈ ಬೀಸುತ್ತಾನೆ, ಎದುರಿನವರನ್ನು ನೋಡಿ ನಗುತ್ತಾನೆ. ಮೂಲೆಯಲ್ಲಿ ನಿಂತವನು ಅದೊಂದನ್ನೂ ನೋಡುವ ಹಾಗಿಲ್ಲ. ಅವನು ನೋಡಬೇಕಾದದ್ದು ರೈಡರನ ಪಾದವನ್ನು. ಪಾದ ತಿರುಗಿದ ಕ್ಷಣಕ್ಕೆ ಸರಿಯಾಗಿ ಧುಮುಕಿ ಕಾಲು ಹಿಡಿಯಬೇಕು. ತುಸು ಮೊದಲು ಧುಮುಕಿದರೆ ರೈಡರ್ ಜಿಗಿದು ಪಾರಾಗುತ್ತಾನೆ, ತುಸು ತಡವಾದರೆ ಮುಟ್ಟಿ ಓಡುತ್ತಾನೆ. ಹಿಡಿದರೆ ಏಳು ಜನ ಸೇರಿ ಹಿಡಿದರು ಎನ್ನುತ್ತಾರೆ. ತಪ್ಪಿದರೆ ಮೂಲೆಯವನು ತಪ್ಪಿದ ಎನ್ನುತ್ತಾರೆ. ಆ ತಪ್ಪನ್ನು ಟಿ.ವಿ.ಯವರು ಮೂರು ಸಲ ನಿಧಾನವಾಗಿ ತೋರಿಸುತ್ತಾರೆ, ಪಾಪ, ನೋಡದೆ ಉಳಿದವರು ಯಾರಾದರೂ ಇದ್ದರೆ ಎಂದು.

ಹೊಸದರಲ್ಲಿ ಇವನಿಗೆ ಒಂದೇ ಕಾಯಿಲೆ. ಒಂದು ಹಿಡಿತ ತಪ್ಪಿದರೆ ಅದನ್ನೇ ನೆನೆಯುತ್ತ ಮುಂದಿನ ಮೂರನ್ನೂ ಬಿಟ್ಟುಬಿಡುತ್ತಿದ್ದ. ಆಟ ಮುಗಿದ ಮೇಲೂ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ಆಗ ಅವನ ಕೋಚ್ ಅವನನ್ನು ಮಣ್ಣಿನ ಅಂಕಣಕ್ಕೆ ಕರೆದುಕೊಂಡು ಹೋಗಿ ಅವನ ಬಲಗೈ ಹಿಡಿದು ನೆಲಕ್ಕೆ ಉಜ್ಜಿಸಿದರು.

"ತಮ್ಮಾ, ಮೂಲ್ಯಾಗ ನಿಂದರಾವ ಹಿಂದಿಂದು ಹೊತ್ತುಕೊಂಡು ನಿಂತ್ರ ಮುಂದಿಂದು ಕೈ ಬಿಟ್ಟು ಹೋಗತೈತಿ. ಒಂದು ದಾಳಿ ಮುಗೀತಂದ್ರ ಅಂಗೈ ಹಿಂಗ ನೆಲಕ್ಕ ಒರಸು. ಒರಸಿದಿ ಅಂದ್ರ ಅದು ಆಗಿಲ್ಲ ಅಂತ ತಿಳಕೋ."

ಅವನು ಒರೆಸಿದ. ಮೊದಮೊದಲು ಅದು ಬರೀ ಅಂಗೈ ಒರೆಸಿದಂತಿತ್ತು. ಬರುಬರುತ್ತ ಮನಸ್ಸೂ ಅದರ ಜೊತೆಗೆ ಹೋಗತೊಡಗಿತು. ಎರಡು ವರ್ಷ ಕಳೆಯುವುದರೊಳಗೆ ಅವನಿಗೆ ಆ ವಿದ್ಯೆ ಪೂರ್ತಿ ಕೈವಶವಾಯಿತು. ಈಗಷ್ಟೇ ಆದ ದಾಳಿಯ ಬಗ್ಗೆ ಕೇಳಿದರೂ ಅವನಿಗೆ ಹೇಳಲಾಗುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿಯೊಡನೆ ಮಾತಿಗೆ ಮಾತು ಬೆಳೆದರೆ ಅಂಗೈಯನ್ನು ನೆಲಕ್ಕೆ ಒರೆಸಿ ಊಟಕ್ಕೆ ಕೂತುಬಿಡುತ್ತಿದ್ದ. ಆಕೆ ಎರಡು ದಿನ ಮುಖ ಗಂಟಿಕ್ಕಿಕೊಂಡು ಓಡಾಡಿದರೆ ಮೈಗೆ ಹುಷಾರಿಲ್ಲವೇ ಎಂದು ವಿಚಾರಿಸುತ್ತಿದ್ದ. ಪುಣ್ಯಾತ್ಮನಿಗೆ ಜಗಳವಾದದ್ದೇ ನೆನಪಿರುತ್ತಿರಲಿಲ್ಲ!

ಊರಿನ ತಂಡದಿಂದ ಜಿಲ್ಲೆಯ ತಂಡಕ್ಕೆ ಹೋದ. ಅಲ್ಲಿಂದ ದೊಡ್ಡ ಲೀಗಿಗೆ ಹೋದ. ಮಣ್ಣು ಹೋಗಿ ಮ್ಯಾಟ್ ಬಂತು, ಮೇಲೆ ಝಗಝಗಿಸುವ ದೀಪಗಳು ಬಂದವು. ಒರೆಸುವುದು ಮಾತ್ರ ಹಾಗೆಯೇ ಉಳಿಯಿತು. ಐದನೆಯ ವರ್ಷಕ್ಕೆ ಅವನ ಮೂಲೆಯ ಕಡೆಗೆ ಹೋಗಲು ರೈಡರುಗಳು ಹಿಂಜರಿಯತೊಡಗಿದರು. ಬಂದವರು ಬಲಗಡೆ ಆಡಿ, ನಡುವೆ ಆಡಿ, ಹಿಂದಿರುಗುತ್ತಿದ್ದರು. ಟಿ.ವಿ.ಯಲ್ಲಿ ಅವನ ಹೆಸರು ಒಮ್ಮೆಯೂ ಕೇಳಿಸದ ದಿನವೇ ಅವನು ಚೆನ್ನಾಗಿ ಆಡಿದ ದಿನ. ಅವನಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ.

ಒಂದು ಸಂಜೆ ಎದುರಾಳಿ ತಂಡದಿಂದ ಹೊಸ ಹುಡುಗನೊಬ್ಬ ದಾಳಿಗೆ ಬಂದ. ಹೊಸಬ, ಅಂಜಿಕೆಯಿಲ್ಲ. ನೇರ ಎಡಮೂಲೆಗೆ ಇಳಿದ. ಅವನ ಪಾದ ತಿರುಗಿತು. ಮೂಲೆಯವನು ಧುಮುಕಿ ಕಾಲು ಹಿಡಿದ. ಹುಡುಗ ಆಯತಪ್ಪಿ ಅವನ ಮೇಲೆಯೇ ಉರುಳಿದ. ತಂಡದ ಉಳಿದವರು ಓಡಿ ಬಂದು ಹುಡುಗನ ಮೇಲೆ ಬಿದ್ದರು.

ಹಾಗೆ ಬಿದ್ದ ಮೇಲೆ ಮಾಡುವುದು ಒಂದೇ. ರೈಡರ್ ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತಿರಬೇಕು. ಆ ಉಸಿರು ಮುರಿಯುವ ತನಕ, ಸೀಟಿ ಊದುವ ತನಕ ಹಿಡಿದವರು ಬಿಡುವುದಿಲ್ಲ. ಅದು ನಿಯಮ, ಅದೇ ಆಟ. ಇವನೂ ಬಿಡಲಿಲ್ಲ. ಎಲ್ಲರ ಕೆಳಗೆ ಇವನು, ಇವನ ಮೇಲೆ ಆ ಹುಡುಗ. ಹುಡುಗನ ಬಾಯಿ ಇವನ ಕಿವಿಗೆ ತಾಗಿತ್ತು. ಆ ಬಾಯಿ ಏನೋ ಹೇಳಿತು. ಇವನಿಗೆ ಕೇಳಿಸಿತು, ಇವನು ಅದಕ್ಕೆ ಗಮನ ಕೊಡಲಿಲ್ಲ. ಸೀಟಿ ಕೂಗಿತು. ಒಬ್ಬೊಬ್ಬರಾಗಿ ಎದ್ದರು. ಹುಡುಗ ಏಳಲಿಲ್ಲ.

ಅವನನ್ನು ಹೊತ್ತುಕೊಂಡು ಹೋದರು. ಮೂಲೆಯವನು ಅಂಗೈಯನ್ನು ಮ್ಯಾಟಿಗೆ ಒರೆಸಿ ತನ್ನ ಜಾಗದಲ್ಲಿ ನಿಂತ. ಮುಂದಿನ ದಾಳಿಯಲ್ಲಿ ಇನ್ನೊಬ್ಬನ ಕಾಲು ಹಿಡಿದ. ಅವನ ತಂಡ ಗೆದ್ದಿತು. ಎಂಥ ಗಟ್ಟಿ ಮನಸ್ಸಿನ ಆಟಗಾರ ಎಂದು ಮರುದಿನದ ಪತ್ರಿಕೆಗಳು ಹೊಗಳಿದವು. ಹುಡುಗ ಮೂರನೆಯ ದಿನ ಆಸ್ಪತ್ರೆಯಲ್ಲಿ, ಕಣ್ಣು ತೆರೆಯದೆಯೇ ತೀರಿಕೊಂಡ. ನಿನ್ನದೇನೂ ತಪ್ಪಿಲ್ಲ, ಹಿಡಿತ ನಿಯಮದಂತೆಯೇ ಇತ್ತು ಎಂದು ಎಲ್ಲರೂ ಸಮಾಧಾನ ಹೇಳಿದರು. ಸಮಾಧಾನ ಬೇಕಾಗಿದ್ದರೆ ತಾನೆ? ಅವನು ಆಗಲೇ ಒರೆಸಿಯಾಗಿತ್ತು.

ಎರಡು ವರ್ಷ ಕಳೆಯಿತು. ಒಂದು ದಿನ ಅಭ್ಯಾಸದ ಹೊತ್ತಿಗೆ ಒಬ್ಬ ಹೆಂಗಸು ಅವನನ್ನು ಹುಡುಕಿಕೊಂಡು ಬಂದಳು. ಏಳು ತಾಸು ಬಸ್ಸಿನಲ್ಲಿ ಕೂತು ಬಂದಿದ್ದಳು.

"ಯಪ್ಪಾ, ನಾ ದ್ಯಾಮಣ್ಣನ ತಾಯಿ" ಎಂದಳು.

ಯಾವ ದ್ಯಾಮಣ್ಣ ಎಂದು ಅವನಿಗೆ ಹೊಳೆಯಲಿಲ್ಲ. ಆಕೆ ಸೆರಗಿನ ಗಂಟು ಬಿಚ್ಚಿ ಮೊಬೈಲ್ ತೆಗೆದು ತೋರಿಸಿದಳು. ಆ ಸಂಜೆಯ ಆಟ ಅದರಲ್ಲಿತ್ತು. ಆಕೆಯ ಮೈದುನ ಎಲ್ಲಿಂದಲೋ ಹುಡುಕಿ ಹಾಕಿಕೊಟ್ಟಿದ್ದನಂತೆ. ಕೈಕಾಲುಗಳ ರಾಶಿಯ ಸಂದಿನಲ್ಲಿ ಒಂದು ಮುಖ ಕಾಣುತ್ತಿತ್ತು. ಆ ಮುಖದ ತುಟಿ ಅಲ್ಲಾಡುತ್ತಿತ್ತು. ತುಟಿಯ ಹತ್ತಿರ ಇವನ ಕಿವಿಯಿತ್ತು. ದನಿಯೆಂದು ಕೇಳಿಸುತ್ತಿದ್ದುದು ಜನರ ಗದ್ದಲ ಮಾತ್ರ.

"ದವಾಖಾನ್ಯಾಗ ಅವ ಬಾಯಿ ಬಿಡಲಿಲ್ಲ. ಇದ ಕಡೀ ಮಾತು. ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ ಯಪ್ಪಾ, ಆಟ ಅಂದ ಮ್ಯಾಲ ಆಟ. ಇಷ್ಟ ಹೇಳು. ನಿನ್ನ ಕಿವ್ಯಾಗ ನನ್ನ ಮಗ ಏನಂದಾ?"

ಅವನು ಹುಡುಕಿದ. ಆವತ್ತಿನ ತನಕ ಒರೆಸಿದ್ದನ್ನು ಅವನು ಹುಡುಕಿದ್ದೇ ಇಲ್ಲ. ಆ ಸಂಜೆ ಯಾವುದು, ಆ ಹುಡುಗ ಯಾರು, ಕಿವಿಗೆ ಬಿದ್ದದ್ದು ಏನು? ಏನೂ ಇರಲಿಲ್ಲ. ಆಕೆ ಕಣ್ಣು ಮಿಟುಕಿಸದೆ ಅವನ ಬಾಯನ್ನೇ ನೋಡುತ್ತಿದ್ದಳು. ನೆನಪಿಲ್ಲ ಎಂದಿದ್ದರೆ ಸಾಕಿತ್ತು. ಆದರೆ ಅಷ್ಟು ದೂರದಿಂದ ಬಂದವಳನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ ಎಂದುಕೊಂಡ. ಸಾಯುವ ಮಗ ಏನೆನ್ನುತ್ತಾನೆ ಎಂದು ಬಹಳ ಯೋಚಿಸಬೇಕಾಗಿಯೂ ಇರಲಿಲ್ಲ.

"ಯವ್ವಾ ಅಂದಾ" ಎಂದುಬಿಟ್ಟ.

ಆಕೆ ಅಲ್ಲೇ ನೆಲದ ಮೇಲೆ ಕೂತಳು.

"ಖರೇನ ಯಪ್ಪಾ? ಯವ್ವಾ ಅಂದ್ನಾ? ನಮ್ಮದು ತುಂಬಿದ ಮನಿ. ನಾನು ಹಿರೀ ಸೊಸಿ, ನಾಲ್ಕು ಮಂದಿ ಮೈದುನರು. ಅವರೆಲ್ಲಾ ನನಗ ವೈನಿ ಅಂತಿದ್ರು. ಅದನ್ನ ಕೇಳಿ ಕೇಳಿ ಇವನೂ ನನಗ ವೈನಿ ಅನ್ನಾಕ ಕಲ್ತ. ಯವ್ವಾ ಅನ್ನೋ ಅಂತ ಬೆಲ್ಲ ಕೊಟ್ಟು ಹೇಳಿದೆ, ಬಡದು ಹೇಳಿದೆ. ಇಪ್ಪತ್ತೆರಡು ವರ್ಷ ಒಮ್ಮೆನೂ ಅನ್ನಲಿಲ್ಲ. ಹೆತ್ತ ಮಗನ ಬಾಯಾಗ ನಾ ಅತ್ತಿಗಿ ಆಗಿ ಉಳದಿದ್ದೆ. ಕಡೀಕ ಅಂದ್ನಲ್ಲ ಯಪ್ಪಾ, ಕಡೀಕರೆ ಅಂದ್ನಲ್ಲ!"

ವೈನಿ ಎಂಬ ಮಾತು ಕಿವಿಗೆ ಬಿದ್ದೊಡನೆ ಮೂಲೆಯವನು ಆ ಸಂಜೆ ಒರೆಸಿದ್ದೆಲ್ಲ ಒಟ್ಟಿಗೆ ಎದ್ದು ಬಂತು. ಎದೆಯ ಮೇಲಿನ ಆ ಭಾರ ಬಂತು, ಕಿವಿಗೆ ತಾಗಿದ ಬಿಸಿ ಬಾಯಿ ಬಂತು, ಬಾಯಿ ಆಡಿದ ಮಾತೂ ಬಂತು. ಹುಡುಗ ಹೇಳಿದ್ದು ಮೂರೇ ಮಾತು.

"ವೈನೀ, ಉಸಿರು ಬರವಲ್ದು."

ಆ ಹೊತ್ತಿನಲ್ಲಿ ಯಾರಾದರೂ ಅತ್ತಿಗೆಯನ್ನು ಕರೆಯುತ್ತಾರೆಯೇ ಎಂದು ಅವನಿಗೆ ಆವತ್ತು ಅನಿಸಿತ್ತು. ಅಷ್ಟಕ್ಕೇ ಅದನ್ನು ಬಿಟ್ಟಿದ್ದ. ಉಸಿರು ಬರುತ್ತಿಲ್ಲ ಎಂದದ್ದೂ ಕೇಳಿಸಿತ್ತು. ಉಸಿರು ಮುರಿಯಲಿ ಎಂದೇ ಹಿಡಿದವನಲ್ಲವೇ ಅವನು? ಕೇಳಿಸಿಕೊಂಡು ಇನ್ನಷ್ಟು ಬಿಗಿಯಾಗಿ ಹಿಡಿದಿದ್ದ. ಏಳ್ರೋ ಎಂದು ಒಂದು ಕೂಗು ಹಾಕಿದ್ದರೆ ಮೇಲಿದ್ದವರು ಎದ್ದುಬಿಡುತ್ತಿದ್ದರು.

ಅವನು ಬಾಯಿ ತೆರೆದ. ನಿಜ ಹೇಳಬೇಕೆಂದೇ ತೆರೆದ. ಅಷ್ಟರಲ್ಲಿ ಆಕೆ ಅವನ ಎರಡೂ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು.

"ಅವ ಹ್ಯಾಂಗಂದಾ, ಹಂಗ ಇನ್ನೊಮ್ಮೆ ಅಂದು ತೋರಸು ಯಪ್ಪಾ."

ಆ ಮುಖದಲ್ಲಿದ್ದ ಸಂತೋಷವನ್ನು ಅವನು ನೋಡಿದ. ನಿಜ ಹೇಳಿದರೆ ಆಕೆಗೆ ಇಪ್ಪತ್ತೆರಡು ವರ್ಷ ಕಾದು ಸಿಕ್ಕಿದ್ದನ್ನು ಕಿತ್ತುಕೊಳ್ಳಬೇಕು. ಹೇಳದಿದ್ದರೆ, ಮಗ ಕೊನೆಯ ಉಸಿರಿನಲ್ಲಿ ಆಕೆಯನ್ನೇ ಕರೆದದ್ದು, ತಾನು ಎಂದಿನಿಂದಲೂ ಕರೆಯುತ್ತಿದ್ದ ಹೆಸರಿನಿಂದಲೇ ಕರೆದದ್ದು, ಆಕೆಗೆ ಎಂದೂ ತಿಳಿಯುವುದಿಲ್ಲ. ಬೇರೆ ಯಾರನ್ನು ಕೇಳಿಯೂ ಪ್ರಯೋಜನವಿರಲಿಲ್ಲ. ಆ ಮಾತು ಕೇಳಿದ ಕಿವಿ ಲೋಕದಲ್ಲಿ ಅದೊಂದೇ.

"ಯವ್ವಾ" ಎಂದ.

ಬಸ್ ನಿಲ್ದಾಣದ ತನಕ ಆಕೆಯ ಜೊತೆ ನಡೆದ. ದಾರಿಯುದ್ದಕ್ಕೂ ಹೇಳಬೇಕು, ಹೇಳಬೇಕು ಎಂದುಕೊಂಡ. ಬಸ್ ಬರುವುದರೊಳಗೆ ಆಕೆ ಕಲ್ಲುಬೆಂಚಿನ ಮೇಲಿದ್ದ ಇಬ್ಬರು ಹೆಂಗಸರಿಗೆ ವಿಷಯ ತಿಳಿಸಿಯಾಗಿತ್ತು. ಅವರೂ ಕಣ್ಣೊರೆಸಿಕೊಂಡರು. ಒಬ್ಬಳು ಇವನಿಗೆ ಕೈ ಮುಗಿದಳು. ಬಸ್ ಹೊರಟಿತು. ಅವನು ಹಿಂದಿರುಗಿ ಬಂದು ಅಂಗೈಯನ್ನು ನೆಲಕ್ಕೆ ಒರೆಸಿದ. ಚರ್ಮ ಸುಲಿಯುವ ತನಕ ಒರೆಸಿದ. ಏನೂ ಹೋಗಲಿಲ್ಲ.

ಅಲ್ಲಿಂದಾಚೆಗೆ ಅವನಿಗೆ ಮರೆವೆಂಬುದೇ ಇಲ್ಲದಂತಾಯಿತು. ತಪ್ಪಿದ ಹಿಡಿತಗಳು, ಹೆಂಡತಿಗೆ ಆಡಿದ ಮಾತುಗಳು ಎಲ್ಲವೂ ಒಂದೊಂದಾಗಿ ಬಂದವು. ಅಂಕಣದಲ್ಲಿ ರೈಡರನ ಪಾದ ತಿರುಗುವ ಹೊತ್ತಿಗೆ ಅವನ ಕಿವಿಯಲ್ಲಿ ಆ ದನಿ ಏಳುತ್ತಿತ್ತು, ಅಷ್ಟು ಹೊತ್ತು ಸಾಕು ರೈಡರ್ ಹೋಗಿಬಿಡಲು. ಒಮ್ಮೆ ಚೆನ್ನಾಗಿ ಸಿಕ್ಕ ಕಾಲನ್ನು, ಮೇಲೆ ಬಿದ್ದವನು ಏದುಸಿರು ಬಿಟ್ಟನೆಂದು ತಾನಾಗಿಯೇ ಬಿಟ್ಟುಬಿಟ್ಟ. ಕೋಚ್ ಬೈದರು, ಜನ ಕೂಗಿದರು. ರೈಡರುಗಳು ಈಗ ಹುಡುಕಿಕೊಂಡು ಅವನ ಮೂಲೆಗೇ ಬರತೊಡಗಿದರು. ಟಿ.ವಿ.ಯಲ್ಲಿ ಅವನ ಹೆಸರು ದಿನವೂ ಕೇಳಿಸಿತು. ಆ ವರ್ಷದ ಲೀಗ್ ಅರ್ಧಕ್ಕೆ ಬರುವಷ್ಟರಲ್ಲಿ ಅವನನ್ನು ಹೊರಗೆ ಕೂರಿಸಿದರು. ಮರುವರ್ಷ ಯಾವ ತಂಡವೂ ಅವನನ್ನು ಕರೆಯಲಿಲ್ಲ.

ವರ್ಷಕ್ಕೊಂದು ಸಲ, ಮಗ ತೀರಿಕೊಂಡ ದಿನ, ಆಕೆ ಅವನಿಗೆ ಫೋನ್ ಮಾಡುತ್ತಿದ್ದಳು. ಊಟ ಆಯಿತೇ, ಮಕ್ಕಳು ಆರಾಮವೇ ಎಂದು ಕೇಳುತ್ತಿದ್ದಳು. ಆಮೇಲೆ, ಇನ್ನೊಮ್ಮೆ ಅನ್ನು ಯಪ್ಪಾ ಎನ್ನುತ್ತಿದ್ದಳು. ಅವನು ಅನ್ನುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

"ಅವನು ಆಕೆಗೆ ನಿಜ ಹೇಳಲೇ ಇಲ್ಲವೇ?" ಎಂದು ಶಿಷ್ಯ ಕೇಳಿದ.

"ಹೇಳಬಹುದಾಗಿದ್ದಾಗ ಮರೆತಿದ್ದ. ನೆನಪಾದಾಗ ಹೇಳುವ ಹಾಗಿರಲಿಲ್ಲ."

ಶಿಷ್ಯ ಬಿಡಲಿಲ್ಲ. "ಆದರೆ ಗುರುಗಳೇ, ಅವನದು ಬೇರೆ, ನನ್ನದು ಬೇರೆ. ನಾನು ಮರೆಯಬೇಕೆಂದಿರುವುದು ನನ್ನದೇ ನೆನಪು" ಎಂದ.

ಗುರುಗಳು ಹೇಳಿದರು: "ಅದು ನಿನ್ನೊಬ್ಬನದೇ ಹೌದೋ ಅಲ್ಲವೋ ಎಂದು, ಅನ್ಯಾಯವಾದವರನ್ನು ಒಮ್ಮೆ ಕೇಳಿ ಬಂದಿದ್ದೀಯಾ?"