ಹೂಂ ಅನ್ನೋ ಕಾರಿಗೆ ಹೊಸ ಮೂಗು

ಒಂದಾನೊಂದು ಊರಿನಲ್ಲಿ ರಸ್ತೆ ಒಂದೇ ಇತ್ತು, ಕಾರೂ ಒಂದೇ ಇತ್ತು. ರಸ್ತೆ ಎಲ್ಲರದು, ಕಾರು ದೊರೆಯದು. ಕಾರಿನ ಬಣ್ಣ ಹಾಲಿನ ಕೆನೆ ಥರ. ಅದನ್ನ ಓಡಿಸ್ತಿದ್ದೋನು ಹೊಂಬಾಳಯ್ಯ. ಮೂವತ್ತು ವರ್ಷದಿಂದ ಅವನೇ. ಅವನ ಖಾಕಿ ಅಂಗಿ ಎಷ್ಟೋ ಸಲ ಬದಲಾಗಿತ್ತು, ತಲೆಗೂದಲ ಬಣ್ಣ ಒಂದು ಸಲ ಬದಲಾಗಿತ್ತು. ಕಾರು ಮಾತ್ರ ಬದಲಾಗಿರಲಿಲ್ಲ.

ಆ ಕಾರಿಗೆ ಒಂದು ಗುಣ ಇತ್ತು. ಬೇರೆ ಕಾರುಗಳು ಡುರ್ ಅಂತವೆ, ಬುರ್ ಅಂತವೆ. ಇದು ಹೂಂ ಅಂತಿತ್ತು. ಹೂಂ... ಹೂಂ... ಹೂಂ... ಮೆತ್ತಗೆ, ಕಂಬಕ್ಕೆ ಒರಗಿ ಕೂತು ಕತೆ ಕೇಳೋರ ಥರ.

ಕತೆ ಹೇಳೋರಿಗೆ ಹೂಂಗುಟ್ಟೋರು ಒಬ್ಬರು ಬೇಕು, ನಿಮಗೇ ಗೊತ್ತಲ್ಲ. ಹೂಂ ಅನ್ನೋರು ಇಲ್ಲದಿದ್ರೆ ಕತೆ ಇದ್ದ ಜಾಗದಲ್ಲೇ ನಿಂತುಬಿಡುತ್ತೆ, ಮೇವು ಕಾಣದ ಎಮ್ಮೆ ಹಾಗೆ. ಹೊಂಬಾಳಯ್ಯನ ಹತ್ರ ಒಂದು ಕತೆ ಇತ್ತು. ಒಂದೇ ಒಂದು. ಆದ್ರೆ ತುಂಬ ಉದ್ದ. ಅದು ಅವನ ಅಜ್ಜಿ ಹೇಳಿದ್ದು.

ಅಜ್ಜಿ ಮಜ್ಜಿಗೆ ಮಾರ್ತಿದ್ಲು. ಗಡಿಗೆ ಬರಿದಾದ ಮೇಲೆ, ಮಧ್ಯಾಹ್ನದ ಬಿಸಿಲಲ್ಲಿ, ಜಗಲಿ ಮೇಲೆ ಕೂತು ಅವರೆಕಾಯಿ ಸುಲೀತಾ ಕತೆ ಹೇಳ್ತಿದ್ಲು. ಕತೆಯೊಳಗೆ ತನ್ನನ್ನೇ ಇಟ್ಕೊಂಡಿದ್ಲು. ಮಜ್ಜಿಗೆ ಅಜ್ಜಿ ಅಂತ ಒಬ್ಬಳು ತಲೆ ಮೇಲೆ ಗಡಿಗೆ ಹೊತ್ಕೊಂಡು ಹೋಗ್ತಾ ಇರ್ತಾಳೆ. ದಾರೀಲಿ ಏಳು ಜನ ಅಣ್ಣತಮ್ಮಂದಿರು ಸಿಗ್ತಾರೆ. ಏಳು ಜನಕ್ಕೂ ಸೇರಿ ಒಂದೇ ಮೀಸೆ, ದಿನಕ್ಕೊಬ್ಬರು ಹಾಕ್ಕೊಳ್ತಾರೆ. ಮದುವೆಗೆ ಹೊರಟ ಕುಂಬಳಕಾಯಿ ಸಿಗುತ್ತೆ. ಸೀನೋದು ಹೇಗೆ ಅಂತ ಮರೆತುಹೋದ ಆನೆ ಸಿಗುತ್ತೆ. ಎಲ್ಲಾ ಆದ ಮೇಲೆ ಒಂದು ಸೇತುವೆ ಬರುತ್ತೆ.

"ಮಜ್ಜಿಗೆ ಅಜ್ಜಿ ಸೇತುವೆ ದಾಟಿದ್ರೆ ಕತೆ ಮುಗೀತು ಮಗ," ಅಂತಿದ್ಲು ಅಜ್ಜಿ. "ಬರೀ ಹೂಂ ಅಂದ್ರೆ ಸಾಲದು, ಆಮೇಲೆ ಅಂತಾನೂ ಕೇಳ್ಬೇಕು."

ಒಂದು ಮಧ್ಯಾಹ್ನ ಅಜ್ಜಿ ಹೇಳಿದ್ಲು, "ಮಜ್ಜಿಗೆ ಅಜ್ಜಿ ಸೇತುವೆ ಮೇಲೆ ಇಡೋಣ ಅಂತ ಬಲಗಾಲು ಎತ್ತಿದ್ಲು..."

ಆರು ವರ್ಷದ ಹೊಂಬಾಳ ಹೂಂ ಅನ್ನಲಿಲ್ಲ. ಅವನಿಗೆ ನಿದ್ದೆ ಬಂದುಬಿಟ್ಟಿತ್ತು. ಅಜ್ಜಿ ಅಲ್ಲಿಗೇ ನಿಲ್ಲಿಸಿದ್ಲು. ಮಾರನೇ ದಿನ ಮುಂದಕ್ಕೆ ಹೇಳಕ್ಕೆ ಅಜ್ಜಿ ಇರಲಿಲ್ಲ. ಜಗಲಿ ಮೇಲೆ ಅರ್ಧ ಬುಟ್ಟಿ ಅವರೆಕಾಯಿ ಹಾಗೇ ಇತ್ತು.

ಅದಕ್ಕೇ ಹೊಂಬಾಳಯ್ಯ ಕಾರು ಓಡಿಸ್ತಾ ಓಡಿಸ್ತಾ ಅದೇ ಕತೆ ಹೇಳ್ತಿದ್ದ. ಮೀಸೆ ಒಗೆದು ಒಣಗಾಕಿದ್ದು ಹೇಳ್ತಿದ್ದ. ಕಾರು ಹೂಂ ಅಂತಿತ್ತು. ಕುಂಬಳಕಾಯಿಗೆ ಹೆಣ್ಣಿನ ಕಡೆಯೋರು ಬಣ್ಣ ಕಮ್ಮಿ ಅಂದಿದ್ದು ಹೇಳ್ತಿದ್ದ. ಕಾರು ಹೂಂ ಅಂತಿತ್ತು. ಆದ್ರೆ ಸೇತುವೆ ಹತ್ರ ಬಂದ ತಕ್ಷಣ ಹೊಂಬಾಳಯ್ಯ ಕತೆಯ ಸ್ಟೇರಿಂಗನ್ನ ಪಕ್ಕಕ್ಕೆ ತಿರುಗಿಸಿಬಿಡ್ತಿದ್ದ. ದಾಟಿದ್ರೆ ಮುಗೀತಲ್ಲ. ಮುಗಿದ್ರೆ ಅಜ್ಜಿ ಎಲ್ಲಿ?

ಹೀಗೇ ಇದ್ದಿದ್ರೆ ಹೀಗೇ ಇರ್ತಿತ್ತು. ಆದ್ರೆ ದೊರೆ ಸುಮ್ಮನಿರಬೇಕಲ್ಲ.

ದೊರೆಗೆ ಒಂದು ದುಃಖ ಇತ್ತು. ಅವನ ಕಾರು ಹೂಂ ಅನ್ನೋದು ಕೇಳಿ ಜನ ರಸ್ತೆಗೆ ಅಡ್ಡ ಬಂದು ಮಾತಾಡಕ್ಕೆ ಶುರು ಮಾಡ್ತಿದ್ರು. "ನೋಡಪ್ಪ, ನಮ್ಮ ಕೆಂಚಿ ಕೋಳಿ ಸೋಮವಾರ ಹೋಗಿದ್ದು," ಅಂತ ಒಬ್ಬಳು ಬಾನೆಟ್ ಮೇಲೆ ಕೈ ಇಡ್ತಿದ್ಲು. ಕಾರು ಹೂಂ ಅಂತಿತ್ತು. ಹೂಂ ಅಂದ ಮೇಲೆ ಯಾರು ಬಿಡ್ತಾರೆ? ಮಂಗಳವಾರ ಏನಾಯ್ತು, ಬುಧವಾರ ಏನಾಯ್ತು, ಎಲ್ಲಾ ಹೇಳ್ತಿದ್ಲು. ದೊರೆ ಒಂದು ಸಲ ಷಡ್ಡಕನ ಮಗಳ ಮದುವೆಗೆ ಅಂತ ಹೊರಟು, ಹೋಗಿ ಸೇರೋ ಹೊತ್ತಿಗೆ ಆ ಮಗಳ ಮಗುವಿಗೆ ನಾಮಕರಣ ನಡೀತಿತ್ತು.

"ಆಚೆ ಊರ ದೊರೆ ಕಾರು ಘರ್ರ್ ಅನ್ನುತ್ತಂತೆ," ಅಂದ ದೊರೆ. "ನಾಯಿಗಳು ಓಡಿಹೋಗ್ತವಂತೆ. ನಮ್ಮ ಕಾರು ಕಂಡ್ರೆ ನಾಯಿಗಳು ಬಾಲ ಆಡಿಸ್ತವೆ. ಇದು ನಾನು ಬಾಳೋ ಬಾಳಾ?"

ಜುಬೇದಾ ಮೇಸ್ತ್ರೀನ ಕರೆಸಿದ. ಜುಬೇದಾ ಅಂದ್ರೆ ಏಳೂರಿಗೂ ಕಾರು ರಿಪೇರಿ ಮಾಡೋಳು. ಜಡೆಗೆ ಹೂವಿನ ಬದಲು ಸ್ಪ್ಯಾನರ್ ಮುಡೀತಿದ್ಲು. ಬಂದೋಳೇ ಬಾನೆಟ್ ಎತ್ತಿದ್ಲು. ಇಂಜಿನ್ ಮೇಲೆ ಒಂದು ದುಂಡನೇ ಕರೀ ಡಬ್ಬಿ, ಎರಡು ದೋಸೆ ಹೆಂಚು ಮುಖಕ್ಕೆ ಮುಖ ಕೂರಿಸಿದ ಹಾಗೆ.

"ಇದೇ ಮೂಗು," ಅಂದ್ಲು. "ಗಾಳಿ ಇಲ್ಲಿಂದ ಒಳಗೆ ಹೋಗುತ್ತೆ. ಒಳಗಿರೋ ಫಿಲ್ಟರು ಧೂಳು ಹಿಡ್ಕೊಳ್ಳುತ್ತೆ. ಪಾಪ, ನಿಮ್ಮ ಕಾರು ಮುಸುಕು ಹಾಕ್ಕೊಂಡು ಉಸಿರಾಡ್ತಾ ಇದೆ. ಅದಕ್ಕೇ ಹೂಂ ಅನ್ನೋದು."

"ಮುಸುಕು ತೆಗಿ," ಅಂದ ದೊರೆ.

"ಬೇಡಿ ಬುದ್ಧಿ," ಅಂದ ಹೊಂಬಾಳಯ್ಯ. ದೊರೆ ಮಾತಿಗೆ ಅವನು ಎದುರು ಹೇಳಿದ್ದು ಅದೇ ಮೊದಲು. "ಇದು ಹೂಂ ಅನ್ನದಿದ್ರೆ ನಂಗೆ ಯಾರು ಅಂತಾರೆ?"

"ಮಂತ್ರಿ ಅಂತಾನೆ. ಮೂವತ್ತು ವರ್ಷದಿಂದ ಅವನು ಬೇರೇನೂ ಅಂದಿಲ್ಲ."

ಜುಬೇದಾ ಹಳೇ ಡಬ್ಬಿ ತೆಗೆದಿಟ್ಲು. ತೋಳು ತೂರೋ ಅಷ್ಟು ಅಗಲದ ಫಳಫಳ ಪೈಪ್ ಕೂರಿಸಿದ್ಲು. ಪೈಪಿನ ತುದಿಗೆ ಹೊಸ ಫಿಲ್ಟರು, ನೆರಿಗೆ ನೆರಿಗೆಯಾಗಿ, ಪುಟ್ಟ ಹುಡುಗೀರ ಕೆಂಪು ಲಂಗದ ಥರ. ಸಂದಿಗಳಿಗೆ ರಬ್ಬರ್ ಹಾಕಿ ಕ್ಲಾಂಪ್ ಬಿಗಿದ್ಲು. ಆಮೇಲೆ ಕೈ ಒರೆಸ್ಕೊಂಡು, "ಒಂದು ತಗಡು ಕೊಡಿ ದೊರೆ," ಅಂದ್ಲು. "ಇಂಜಿನ್ ಬಿಸಿ ಈ ಫಿಲ್ಟರಿಗೆ ತಾಗಬಾರದು. ಮಧ್ಯ ಒಂದು ಮರೆ ಕಟ್ಟಬೇಕು."

ಅರಮನೇಲಿ ತಗಡು ಎಲ್ಲಿರುತ್ತೆ? ಇದ್ದಿದ್ದೆಲ್ಲ ಚಿನ್ನ. ದೊರೆ ತಲೆ ಮೇಲಿಂದ ಕಿರೀಟ ತೆಗೆದುಕೊಟ್ಟ. ಜುಬೇದಾ ಅದನ್ನ ಬಡಿದು ಚಪ್ಪಟೆ ಮಾಡಿ, ನಾಲ್ಕು ತೂತು ಕೊರೆದು, ಮರೆ ಕಟ್ಟಿದ್ಲು. ಆದ್ರೆ ಆ ಊರಲ್ಲಿ ದೊರೆ ಬರೀತಲೇಲಿ ಇರೋ ಹಾಗಿಲ್ಲ. ಹತ್ರ ಇದ್ದಿದ್ದು ಹಳೇ ಡಬ್ಬಿ. ಹಾಕಿ ನೋಡಿದ್ರೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತ್ಕೊಳ್ತು.

"ಹೇಗಿದೆ?" ಅಂದ ದೊರೆ.

"ಹೂಂ," ಅಂದ ಮಂತ್ರಿ.

ಕಾರು ಹೊರಟಿತು. ಘರ್ರ್ ಅಂತು. ನಾಯಿಗಳು ಓಡಿದ್ವು, ಕೋಳಿಯವಳು ಓಡಿದ್ಲು, ರಸ್ತೆ ಬದಿ ಮೈಲಿಗಲ್ಲು ಎರಡು ಹೆಜ್ಜೆ ಹಿಂದೆ ಸರೀತು. ದೊರೆ ಚಪ್ಪಾಳೆ ತಟ್ಟಿದ. ಹೊಂಬಾಳಯ್ಯನ ಪಕ್ಕದಲ್ಲಿ ಮಂತ್ರಿ ಕೂತಿದ್ದ.

ಹೊಂಬಾಳಯ್ಯ ಗಂಟಲು ಸರಿ ಮಾಡ್ಕೊಂಡ. "ಏಳು ಜನ ಅಣ್ಣ..."

"ಹೂಂ," ಅಂದ ಮಂತ್ರಿ.

"...ತಮ್ಮಂದಿರು ಮೀಸೆನ..."

"ಹೂಂ, ಹೂಂ."

"ನಾನಿನ್ನೂ ಹೇಳೇ ಇಲ್ವಲ್ಲ ಸ್ವಾಮಿ."

"ಹೂಂ."

ಹೇಳೋಕೆ ಮುಂಚೇನೇ ಹೂಂ ಅಂದುಬಿಟ್ರೆ ಕತೆಗೆ ಕಾಲಿಡಕ್ಕೆ ಜಾಗ ಎಲ್ಲಿ? ಮುಂದೆ ಹೋಗೋ ಹಾಗಿಲ್ಲ, ಮುಂದಿನ ಸೀಟಲ್ಲಿ ಮಂತ್ರಿ. ಹಿಂದೆ ದೊರೆ. ಕತೆ ಅವಮಾನ ಪಟ್ಕೊಂಡು ಡಿಕ್ಕಿಗೆ ಹೋಗಿ ಮುದುರಿ ಕೂತ್ಕೊಳ್ತು.

ಮೂರನೇ ದಿನ ಡಿಕ್ಕಿ ಒಳಗಿಂದ ಯಾರೋ ಕೂಗಿದ್ರು. ಹೊಂಬಾಳಯ್ಯ ತೆಗೆದು ನೋಡ್ತಾನೆ, ಏಳು ಜನ ಅಣ್ಣತಮ್ಮಂದಿರು. ಮೊದಲನೆಯವನು ಮೀಸೆ ತೆಗೀತಿದ್ದ, ಎರಡನೆಯವನು ಕೈ ಚಾಚಿದ್ದ, ಹಾಗೇ ನಿಂತುಬಿಟ್ಟಿದ್ರು. ಬಾಯಿ ಆಡುತ್ತೆ, ಮೈ ಆಡಲ್ಲ. "ಏನ್ರೀ, ಮುಂದಕ್ಕೆ ಹೇಳ್ತೀರೋ ಇಲ್ವೋ?" ಅಂದ ಮೂರನೆಯವನು. "ನನ್ನ ಸರದಿ ನಾಳೆ." ಅವರನ್ನ ಬಾಳೆಗೊನೆ ಇಳಿಸಿದ ಹಾಗೆ ಒಬ್ಬೊಬ್ಬರನ್ನೇ ಇಳಿಸಿ ಅರಮನೆ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ. ಆಮೇಲೆ ಕುಂಬಳಕಾಯಿ, ಬಾಸಿಂಗದ ಸಮೇತ. ಆಮೇಲೆ ಆನೆ. ಆನೆ ಡಿಕ್ಕೀಲಿ ಹೇಗೆ ಹಿಡೀತು ಅಂತ ಕೇಳ್ಬೇಡಿ. ಕತೆ ಆನೆ ಅದು, ಪಂಚೆ ಥರ ಮಡಚಿಡಬಹುದು.

ಕೊನೆಗೆ, ಸ್ಟೆಪ್ನಿ ಹಿಂದೆ, ಒಬ್ಬಳು ಅಜ್ಜಿ. ತಲೆ ಮೇಲೆ ಗಡಿಗೆ. ಬಲಗಾಲು ಎತ್ತಿದ ಹಾಗೇ ಇದೆ.

"ಹೊಂಬಾಳಾ," ಅಂದ್ಲು. "ನಿದ್ದೆ ಬಂತಾ ಮಗ?"

ಹೊಂಬಾಳಯ್ಯನಿಗೆ ಅರವತ್ತು ವಯಸ್ಸು. ಅವನು ಅಲ್ಲೇ ನೆಲದ ಮೇಲೆ ಕೂತು, ಆರು ವರ್ಷದೋನ ಥರ ಅತ್ತ.

ಈ ಕಡೆ ದೊರೆ ಕತೆ ಕೇಳಿ. ಕಾರಿನಿಂದ ತೆಗೆದ್ರೂ ಡಬ್ಬಿಗೆ ಅಭ್ಯಾಸ ಹೋಗಿರಲಿಲ್ಲ. ಸಿಂಹಾಸನದ ಮುಂದೆ ಯಾರು ಏನು ಹೇಳಿದ್ರೂ ದೊರೆ ತಲೆ ಮೇಲಿಂದ "ಹೂಂ" ಅಂತಿತ್ತು. ರಸ್ತೇಲಿ ಓಡಿಹೋದೋರೆಲ್ಲ ಅರಮನೆಗೆ ಬಂದ್ರು. ಸಾಲು ಊರಾಚೆ ತನಕ ಹೋಯ್ತು. ಡಬ್ಬಿ ತೆಗೆಯೋ ಹಾಗಿಲ್ಲ, ಬರೀತಲೆ ಆಗುತ್ತೆ. ಎದ್ದು ಹೋಗೋ ಹಾಗಿಲ್ಲ, ತಲೆ ಹೂಂ ಅಂದುಬಿಟ್ಟಿದೆ. ದೊರೆ ಊಟ ಬಿಟ್ಟ, ಸ್ನಾನ ಬಿಟ್ಟ. ಕೋಳಿಯವಳು ಶನಿವಾರದ ತನಕ ಬಂದಿದ್ಲು.

"ಜುಬೇದಾನ ಕರೀರಿ," ಅಂತ ಕೂಗಿದ ದೊರೆ. "ಆ ಹಾಳು ಪೈಪ್ ಕಿತ್ತು ಹಾಕಿ, ಈ ಮೂಗನ್ನ ಮೊದಲಿದ್ದ ಮುಖಕ್ಕೇ ಹಚ್ಚಿ."

ಜುಬೇದಾ ಬಂದ್ಲು. ಬಾನೆಟ್ ಎತ್ತಿದ್ಲು. ಜಡೆಗೆ ಕೈ ಹಾಕಿದ್ಲು. ಸ್ಪ್ಯಾನರ್ ಇಲ್ಲ.

"ಹೊಂಬಾಳಣ್ಣ, ನನ್ನ ಸ್ಪ್ಯಾನರ್ ನೋಡಿದ್ರಾ?"

"ಇಲ್ಲಮ್ಮ," ಅಂದ ಹೊಂಬಾಳಯ್ಯ. ಸ್ಪ್ಯಾನರ್ ಅವನ ಖಾಕಿ ಅಂಗಿ ಒಳಗೇ ಇತ್ತು, ಹೊಟ್ಟೆಗೆ ತಣ್ಣಗೆ ತಾಗ್ತಿತ್ತು.

ಡಬ್ಬಿ ಕೂರಿಸಿದ್ರೆ ಕಾರು ಹೂಂ ಅನ್ನುತ್ತೆ. ಹೂಂ ಅಂದ್ರೆ ಕತೆ ನಡೆಯುತ್ತೆ. ನಡೆದ್ರೆ ಅಜ್ಜಿ ಹೋಗ್ತಾಳೆ. ಈಗ ನೋಡಿ, ಅಂಗಳದಲ್ಲೇ ಇದ್ದಾಳೆ. ಮೂರು ದಿನದಿಂದ ಅವನು ಅವಳ ಪಕ್ಕ ಬಿಟ್ಟಿರಲಿಲ್ಲ. ಬಿಸಿಲು ಬಂದ ಕಡೆ ಕೊಡೆ ಹಿಡೀತಿದ್ದ. ಎತ್ತಿದ ಕಾಲಿನ ಕೆಳಗೆ ಸ್ಟೂಲ್ ಇಟ್ಟ. ಕಾಲು ಕೂರಲಿಲ್ಲ.

"ಇದು ಸ್ಟೂಲು ಮಗ," ಅಂದಿದ್ಲು ಅಜ್ಜಿ. "ನಾನು ಕಾಲು ಎತ್ತಿದ್ದು ಸೇತುವೆಗೆ."

ಈಗ ಅವನು ಸ್ಪ್ಯಾನರ್ ಬಚ್ಚಿಟ್ಕೊಂಡು ಅವಳ ಹತ್ರ ಬಂದ.

"ಅಂಗೀಲಿ ಏನೋ ಅದು?" ಅಂದ್ಲು ಅಜ್ಜಿ.

"ಏನಿಲ್ಲ."

"ಬೆಲ್ಲ ಕದ್ದಾಗಲೂ ಹಿಂಗೇ ಏನಿಲ್ಲ ಅಂತಿದ್ದೆ."

ಹೊಂಬಾಳಯ್ಯ ತಲೆ ತಗ್ಗಿಸಿದ. "ಅಜ್ಜಿ, ಕಾಲು ನೋಯುತ್ತಾ?"

"ನೋವು ರೂಢಿ ಆಯ್ತು ಕಣೋ. ಮಜ್ಜಿಗೆದೇ ಯೋಚನೆ. ಆ ದಡದಲ್ಲಿ ಜನ ಲೋಟ ಹಿಡ್ಕೊಂಡು ಕೂತವ್ರೆ. ನೀನು ನಿದ್ದೆ ಮಾಡಿದ ದಿನದಿಂದ ಕೂತವ್ರೆ. ಹುಳಿ ಆಯ್ತಾ ಬಂತು."

"ಅವತ್ತು ನಾನು ಬೇಕು ಅಂತ ಮಲಗಲಿಲ್ಲ ಅಜ್ಜಿ."

"ಗೊತ್ತು. ನನ್ನ ಕತೆ ಚೆನ್ನಾಗಿದ್ರೆ ತಾನೇ ಮಕ್ಕಳಿಗೆ ನಿದ್ದೆ ಬರೋದು? ಅದಕ್ಕೇ ಹೇಳಿದ್ದು. ನೀನು ಐವತ್ತು ವರ್ಷ ಎದ್ದೇ ಕೂತ್ರೆ ನಾನೇನು ಮಾಡ್ಲಿ? ಹೋಗು, ಆ ಹುಡುಗಿಗೆ ಅವಳ ಸಾಮಾನು ಕೊಡು. ಕೆಲಸದೋರ ಸಾಮಾನು ಬಚ್ಚಿಡಬಾರದು."

ಹೊಂಬಾಳಯ್ಯ ಹೋಗಿ ಸ್ಪ್ಯಾನರ್ ಕೊಟ್ಟ. ಜುಬೇದಾ ಮುಟ್ಟಿ ನೋಡಿದ್ಲು, ಬೆಚ್ಚಗಿತ್ತು. ಕ್ಲಾಂಪ್ ಬಿಚ್ಚಿದ್ಲು, ಪೈಪ್ ಎಳೆದ್ಲು, ಚಪ್ಪಟೆ ಕಿರೀಟಾನ ಮತ್ತೆ ದುಂಡಗೆ ಬಗ್ಗಿಸಿದ್ಲು. ಒಂದು ಕೈಯಲ್ಲಿ ದೊರೆ ತಲೆಯಿಂದ ಡಬ್ಬಿ ಎತ್ತಿ, ಇನ್ನೊಂದು ಕೈಯಲ್ಲಿ ಕಿರೀಟ ಇಟ್ಲು, ತಲೆ ಬರಿದಾಗೋಕೆ ಸಮಯಾನೇ ಕೊಡಲಿಲ್ಲ. ಗಾಳಿ ಬೀಸಿದಾಗೆಲ್ಲ ಆ ನಾಲ್ಕು ತೂತು ಇವತ್ತಿಗೂ ಸೀಟಿ ಹೊಡೀತವೆ.

"ಸ್ಟಾರ್ಟ್ ಮಾಡಿ ಹೊಂಬಾಳಣ್ಣ," ಅಂದ್ಲು.

ಹೊಂಬಾಳಯ್ಯ ಕೀಲಿ ತಿರುಗಿಸಿದ. ಕಾರು ಕೆಮ್ಮಿತು. ಒಂದು ಸಲ, ಎರಡು ಸಲ. ಆಮೇಲೆ ಮೆತ್ತಗೆ,

"ಹೂಂ," ಅಂತು.

ಹೊಂಬಾಳಯ್ಯ ಕನ್ನಡೀಲಿ ಹಿಂದೆ ನೋಡ್ತಾ ಹೇಳಕ್ಕೆ ಶುರು ಮಾಡಿದ. "ಎರಡನೆಯವನು ಮೀಸೆ ಇಸ್ಕೊಂಡ." ಹೂಂ. ಅಣ್ಣತಮ್ಮಂದಿರು ಮೈ ಮುರಿದು ನಡ್ಕೊಂಡು ಹೋದ್ರು. "ಕುಂಬಳಕಾಯಿಗೆ ಧಾರೆ ಎರೆದ್ರು." ಹೂಂ. "ಆನೆಗೆ ನೆನಪು ಬಂತು." ಹೂಂ. ಆನೆ ಸೀನಿದ ರಭಸಕ್ಕೆ ಹೊಸ ಪೈಪು, ಕೆಂಪು ಫಿಲ್ಟರು ಎರಡೂ ಹಾರಿ ಆಚೆ ಊರ ದೊರೆ ಅಂಗಳದಲ್ಲಿ ಬಿದ್ವು. ಅವನ ಕಾರಿಗೆ ಈಗ ಎರಡು ಮೂಗು.

ಅಂಗಳದಲ್ಲಿ ಅಜ್ಜಿ ಒಬ್ಬಳೇ ಉಳಿದಿದ್ಲು. ಹೊಂಬಾಳಯ್ಯ ಸ್ಟೇರಿಂಗ್ ಗಟ್ಟಿಯಾಗಿ ಹಿಡ್ಕೊಂಡ. ಈ ಸಲ ಪಕ್ಕಕ್ಕೆ ತಿರುಗಿಸಲಿಲ್ಲ.

"ಮಜ್ಜಿಗೆ ಅಜ್ಜಿ ಸೇತುವೆ ಮೇಲೆ ಇಡೋಣ ಅಂತ ಬಲಗಾಲು ಎತ್ತಿದ್ಲು," ಅಂದ.

ಹೂಂ.

"ಇಟ್ಲು."

ಹೂಂ.

ಕನ್ನಡಿಯೊಳಗೆ ಅಜ್ಜಿ ಒಂದೊಂದೇ ಹೆಜ್ಜೆ ಇಡ್ತಾ ಚಿಕ್ಕವಳಾಗ್ತಾ ಹೋದ್ಲು. ಗಡಿಗೆ ಅಲುಗಾಡಲಿಲ್ಲ. ಒಂದು ಸಲ ತಿರುಗಿ ನೋಡೋ ಹಾಗೆ ಮಾಡಿದ್ಲು, ಆದ್ರೆ ತಲೆ ಮೇಲೆ ಗಡಿಗೆ ಇದ್ದೋರು ತಿರುಗಕ್ಕಾಗಲ್ಲ. ಕೈ ಮಾತ್ರ ಎತ್ತಿದ್ಲು. "ದಾಟಿದ್ಲು," ಅಂದ ಹೊಂಬಾಳಯ್ಯ. ಕಾರಿನ ತುಂಬ ಹುಳಿ ಮಜ್ಜಿಗೆ ಘಮ, ಕರಿಬೇವಿನ ಘಮ.

ಅವನು ಕೀಲಿಗೆ ಕೈ ಹಾಕಿದ. ಕತೆ ಮುಗೀತಲ್ಲ, ಆಫ್ ಮಾಡೋಣ ಅಂತ. ಆಗ ಮೂವತ್ತು ವರ್ಷದಿಂದ ಕತೆಗೆ ಹೂಂ ಬಿಟ್ಟು ಬೇರೆ ಏನೂ ಅನ್ನದ ಕಾರು ಕೇಳ್ತು,

"ಆಮೇಲೆ?"

ಹೊಂಬಾಳಯ್ಯ ಕೀಲಿಯಿಂದ ಕೈ ತೆಗೆದ. ಹಿಂದಿನ ಸೀಟಿನ ಬಾಗಿಲು ತೆಗೆದು ದೊರೆ ಮೆಲ್ಲಗೆ ಒಳಗೆ ಕೂತ್ಕೊಂಡ. ಪಕ್ಕದಲ್ಲಿ ಕೋಳಿಯವಳನ್ನ ಕೂರಿಸ್ಕೊಂಡ. "ನೀನು ಹೇಳಪ್ಪ," ಅಂದ. "ಆಮೇಲೆ ಇವಳದು. ಭಾನುವಾರ ಕೋಳಿ ಸಿಕ್ತೋ ಇಲ್ವೋ ಗೊತ್ತಾಗಬೇಕು ನಂಗೆ."

ಇದರ ನೀತಿ ಏನಪ್ಪಾ ಅಂದ್ರೆ, ಕಾರಿಗೆ ಹೊಸ ಮೂಗು ಹಾಕಿಸೋ ಮುಂಚೆ ಡಿಕ್ಕೀಲಿ ಯಾರ್ಯಾರಿದ್ದಾರೆ ನೋಡ್ಕೊಳ್ಳಿ.

ಕತೆ ಆ ದಡಕ್ಕೆ, ನಾವು ಈ ದಡಕ್ಕೆ. ಹೂಂ ಅಂದೋರಿಗೆ ಒಂದು ಲೋಟ ಮಜ್ಜಿಗೆ. ನಿದ್ದೆ ಹೋದೋರಿಗೆ ಅರ್ಧ ಬುಟ್ಟಿ ಅವರೆಕಾಯಿ, ಎದ್ದ ಮೇಲೆ ಸುಲೀಲಿ.