ಜಾಲವಾಡಗಿಯ ಒಣಗೈ ಬಂಡೆ

“ಮತ್ತ ಬಂದ್ರಾ? ಒಂದು ಸಲನಾದ್ರೂ ನೆಟ್ಟಗ ಕೈಕಾಲು ತೊಳ್ಕೊಳ್ಳಾಕ ಬಿಡ್ತೀರೇನ್ರಿ!” ಜಾಲವಾಡಗಿಯ ಒಣಗೈ ಬಂಡೆಯ ಹತ್ತಿರ ಬಾಯಾರಿ ಬಂದವರಿಗೆ ಇಂದಿಗೂ ಮೊದಲು ಸಿಗುವುದು ಈ ಬೈಗುಳ, ಆಮೇಲೆ ನೀರು. ಬಂಡೆಯ ಮಗ್ಗುಲ ಮನೆಯ ಹೆಂಗಸು ಯಾರೇ ಆಗಿರಲಿ, ಹೀಗೆ ಗದರದೆ ತಂಬಿಗೆ ಬಗ್ಗಿಸುವಂತಿಲ್ಲ. ಹೊಸಬರ ಮುಖ ಸಪ್ಪಗಾಗುತ್ತದೆ. ಊರವರು ನಗುತ್ತ ಬೊಗಸೆ ಒಡ್ಡುತ್ತಾರೆ. ದಾರಿಗೆ ತಾಗಿ, ಎಮ್ಮೆ ಮಲಗಿದಂತಿರುವ ಕರಿಯ ಬಂಡೆ ಅದು. ಬೆನ್ನ ಮೇಲೆ ಅಂಗೈಯಗಲದ ಎರಡು ತಗ್ಗುಗಳಿವೆ. ಅವುಗಳಲ್ಲಿ ಯಾವಾಗಲೂ ಒಣ ಮಣ್ಣು.

ಹಿಂದೆ ಒಮ್ಮೆ ಈ ಸೀಮೆಗೆ ಮಳೆ ಮುನಿದು ಬಾವಿಗಳೆಲ್ಲ ತಳ ಕಂಡಿದ್ದವು. ಆಗ ಬಂಡೆಯ ಪಕ್ಕದ ಗುಡಿಸಲಲ್ಲಿ ಪೀರಮಾ ಎಂಬ ಪಿಂಜಾರರ ಹೆಂಗಸು ಇದ್ದಳು ಎನ್ನುತ್ತಾರೆ. ಹಿಂಜಲು ಹತ್ತಿಯಿಲ್ಲದೆ ಬಿಲ್ಲು ಗೋಡೆಗೆ ತೂಗುಬಿದ್ದಿತ್ತು. ಗಂಡ ಕಾಳು ತರುತ್ತೇನೆಂದು ದೂರದ ಸೀಮೆಗೆ ಹೋಗಿದ್ದ. ಅವನು ಜೀವಂತ ಮರಳುವವರೆಗೆ ಒಂದು ಹೊತ್ತಿನ ನಮಾಜೂ ತಪ್ಪಿಸೆನೆಂದು ಅವಳು ಹರಕೆ ಹೊತ್ತಳು. ಬಾವಿಯಿಂದ ದಿನಕ್ಕೆ ಮನೆಗೊಂದು ಕೊಡ ನೀರು. ಕುಡಿಯುವುದರಲ್ಲೇ ಉಳಿಸಿ, ನಮಾಜಿಗೆ ಮುಂಚೆ ಮುಖ ಕೈಕಾಲು ತೊಳೆಯುವ ವಜೂವಿಗೆಂದು ಒಂದು ತಂಬಿಗೆ ಎತ್ತಿಡುತ್ತಿದ್ದಳು. ಆದರೆ ಬಂಡೆಯ ಮೇಲೆ ಕುಳಿತು ತೋಳು ಮೇಲೇರಿಸಿದಳೆಂದರೆ ಸಾಕು, ಎದುರಿಗೆ ಯಾರೋ ನಿಂತಿರುತ್ತಿದ್ದರು. ಗುಳೆ ಹೊರಟ ಬಾಣಂತಿ, ನಾಲಿಗೆ ಚಾಚಿದ ನಾಯಿ, ಬೇಡಲು ನಾಚಿ ಸುಮ್ಮನೆ ಕೆಮ್ಮುವ ಗಾಣಿಗರ ಸಂಗಪ್ಪಜ್ಜ. “ನೀರು ಅನ್ನಾಕ ಬಾಯಿಲ್ಲೇನು ಯಜ್ಜಾ? ಕೆಮ್ಮಿ ಕೆಮ್ಮಿ ನನ್ನ ಜೀವಾ ತಿಂತಿ!” ಎಂದು ಬೈಯುತ್ತಲೇ ಪೂರ್ತಿ ಸುರಿದುಬಿಡುವಳು. ಆಮೇಲೆ ಒಳಗೆ ಹೋಗಿ ತನ್ನನ್ನೇ ಬೈದುಕೊಳ್ಳುವಳು. ಹೊಳೆದಂಡೆಯ ತವರಿನಲ್ಲಿ ಬೆಳೆದವಳಿಗೆ ಗೊತ್ತಿದ್ದದ್ದು ಒಂದೇ, ನೀರಿಲ್ಲದಿದ್ದರೆ ನಮಾಜಿಲ್ಲ. ತಿಳಿಸಿ ಹೇಳಬೇಕಾದ ಮುಲ್ಲಾನೂ ಊರು ಬಿಟ್ಟಿದ್ದ. ಹೊತ್ತು ತಪ್ಪಿದಂತೆಲ್ಲ, ಗಂಡನ ಆಯುಷ್ಯವನ್ನೇ ಬೊಗಸೆ ಬೊಗಸೆಯಾಗಿ ಕಂಡಕಂಡವರಿಗೆ ಹಂಚುತ್ತಿದ್ದೇನೆ ಎಂದು ಹಲುಬುವಳು. ನಾಳೆ ಬಾಗಿಲು ಹಾಕಿಕೊಂಡೇ ಕೂರುತ್ತೇನೆ ಎನ್ನುವಳು. ನಾಳೆ ಮತ್ತೆ ಕೆಮ್ಮು ಕೇಳಿಸುವುದು.

ಒಂದು ಸಂಜೆ ದಾರಿಹೋಕ ಫಕೀರನೊಬ್ಬ ಬಂದು ಆ ತಂಬಿಗೆಯನ್ನು ಬರಿದು ಮಾಡಿದ. ಬಾಯಿ ಒರೆಸಿಕೊಂಡು, “ಹೊತ್ತು ಮೀರಾಕತ್ತೈತಿ, ನಮಾಜಿಗೆ ಏಳು ಬೇಟಿ” ಎಂದ. ಪೀರಮಾ ಸಿಡಿದಳು: “ಹೆಂಗ ಏಳಲಿ ಬಾಬಾ? ನನ್ನ ವಜೂ ನಿಮ್ಮ ಹೊಟ್ಟ್ಯಾಗ ಕುಂತೈತಿ!” ಫಕೀರ ಅವಳ ಹರಕೆಯ ಕಥೆಯನ್ನೆಲ್ಲ ಕೇಳಿದ. ಬಂಡೆಯ ಧೂಳಿಗೆ ಎರಡೂ ಅಂಗೈ ತಟ್ಟಿ, ಮುಖಕ್ಕೂ ಕೈಗಳಿಗೂ ಸವರಿಕೊಂಡು ತೋರಿಸಿದ. “ನೀರು ಸಿಗದಾಗ ಮಣ್ಣೇ ಸಾಕು. ಇದಕ್ಕ ತಯಮ್ಮುಮ್ ಅಂತಾರ.” ಅವಳಿಗೆ ಸಮಾಧಾನದ ಬದಲು ಸಿಟ್ಟೇ ಬಂತು. “ಇಷ್ಟು ಸಲೀಸಿತ್ತೇನು? ಮೊದಲ ಬಂದು ಹೇಳಾಕ ನಿಮಗೇನು ಧಾಡಿಯಾಗಿತ್ತು?” ಎಂದು, ಕಳೆದುಹೋದ ನಮಾಜುಗಳನ್ನೆಲ್ಲ ನೆನೆದು ಅತ್ತಳು. ಫಕೀರ ಎದ್ದು ಜೋಳಿಗೆ ಹೆಗಲಿಗೇರಿಸಿ, ಹೋಗುವ ಮೊದಲು ಒಂದು ಮಾತು ಕೇಳಿದ. ಅದಕ್ಕೆ ಆ ಬಾಯಿಬಡುಕಿ ಎದ್ದು ತಂಬಿಗೆಯನ್ನು ಮತ್ತೆ ತುಂಬಿಸಿಕೊಂಡಳಂತೆ, ಅಷ್ಟೇ.

ಅಂದಿನಿಂದ ನೀರು ದಾರಿಯವರಿಗೆ, ಮಣ್ಣು ಅವಳಿಗೆ. ಮಳೆ ಬಿದ್ದ ಮೇಲೆ ಗಂಡ ಕಡ್ಡಿಯಂತಾಗಿ ಮರಳಿದ. “ದಾರ್‍ಯಾಗ ಬಿದ್ದಿದ್ದೆ. ಯಾವಾಕಿನೋ ನಿನ್ನಂಗ ಬೈಕೋತನ ನೀರು ಹಾಕಿದ್ಳು, ಉಳಿದೆ” ಎಂದನಂತೆ. ಬಂಡೆಯ ತಗ್ಗುಗಳು ಪೀರಮಾ ಕೈ ತಟ್ಟಿ ತಟ್ಟಿ ಸವೆದವು ಎನ್ನುತ್ತಾರೆ. ಬಂದವರು ಈಗಲೂ ಅವಕ್ಕೆ ಅಂಗೈ ಇಟ್ಟು ನೋಡುತ್ತಾರೆ. ನೀರು ಕುಡಿದವರು ಹೊರಡುವಾಗ ಫಕೀರನ ಮಾತನ್ನೇ ಕೇಳಬೇಕು; ಸುರಿದವಳು ಉತ್ತರ ಕೊಡದೆ ತಂಬಿಗೆ ತುಂಬಿಸಿಕೊಳ್ಳಬೇಕು. ಇದು ಅಲ್ಲಿಯ ರೂಢಿ. ಫಕೀರ ಅಂದು ಕೇಳಿದ್ದು ಇಷ್ಟು:

“ಮಣ್ಣು ನಡೀತೈತಿ ಅನ್ನೂದು ನಿನಗ ಗೊತ್ತಿರಲಿಲ್ಲ. ನಮಾಜು ಹೋತು, ಗಂಡನೂ ಹೋದಾನು ಅಂತ ತಿಳಿದೂ ಆ ನೀರು ಯಾಕ ಕೊಟ್ಟಿ, ಬೇಟಿ?”